ಜಪಾನಿನ ಸೆರೆಯಲ್ಲಿ ಬ್ರಿಟಿಷ್ ಸೈನಿಕ, ಸಿಂಗಾಪುರದಿಂದ ಕ್ವಾಯ್ ನದಿವರೆಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಥಾಯ್ಲೆಂಡ್ ಟೂರಿಗೆ ಹೋದ ನಮ್ಮವರು ಒಂದು ದಿನ ಕಾಂಚನಬುರಿಗೂ ಹೋಗಿ, ಕ್ವಾಯ್ ನದಿಯ ಸೇತುವೆ ಮೇಲೆ ನಿಂತು ಫೋಟೋ ತೆಗೆಸಿಕೊಂಡು ಬರುತ್ತಾರೆ. ನಾನೂ ಹಾಗೇ ಹೋದವನು. ಆದರೆ ಸೇತುವೆಗಿಂತ ಊರೊಳಗಿನ ಸಮಾಧಿಗಳ ತೋಟ ತಲೆಯಲ್ಲಿ ಉಳಿಯಿತು. ಎರಡನೇ ಮಹಾಯುದ್ಧದಲ್ಲಿ ಜಪಾನಿನವರಿಗೆ ಸೆರೆಸಿಕ್ಕಿ, ಥಾಯ್ಲೆಂಡಿನಿಂದ ಬರ್ಮಾಕ್ಕೆ ರೈಲು ದಾರಿ ಹಾಕುತ್ತಾ ಸತ್ತ ಸೈನಿಕರ ಸಮಾಧಿಗಳು ಅವು. ಸಾಲು ಸಾಲು ಫಲಕ, ಒಂದೊಂದರ ಮೇಲೂ ವಯಸ್ಸು. ಇಪ್ಪತ್ತೆರಡು, ಇಪ್ಪತ್ತನಾಲ್ಕು, ಇಪ್ಪತ್ತೊಂದು. ಆಮೇಲೆ ಈ ವಿಷಯ ಓದುತ್ತಾ ಹೋದೆ. ಫೋಟೋ ನೋಡಿದ ನೆಂಟರು, ಗೆಳೆಯರು ಕೇಳಿದ ಪ್ರಶ್ನೆಗಳಿಗೆ ಬಿಡಿಬಿಡಿಯಾಗಿ ಉತ್ತರ ಹೇಳಿ ಸಾಕಾಗಿ, ಎಲ್ಲ ಒಂದೇ ಕಡೆ ಬರೆದಿದ್ದೇನೆ.

ಈ ಸೈನಿಕರು ಯಾರು? ಎಲ್ಲಿಂದ ಬಂದವರು?

ಸಿಂಗಾಪುರದಲ್ಲಿ ಸೆರೆಸಿಕ್ಕ ಬ್ರಿಟಿಷರಲ್ಲಿ ಬೇರೆ ಬೇರೆ ಪಡೆಗಳವರಿದ್ದರು. ನನಗೆ ತುಂಬಾ ಕಾಡುವುದು 18ನೇ ಡಿವಿಷನ್. ಇವರಲ್ಲಿ ಬಹಳಷ್ಟು ಮಂದಿ ಇಂಗ್ಲೆಂಡಿನ ಪೂರ್ವ ಭಾಗದ ನಾರ್ಫಕ್, ಸಫಕ್, ಕೇಂಬ್ರಿಜ್‌ಶೈರ್ ಕಡೆಯವರು. ಹೊಲದಲ್ಲಿ, ಅಂಗಡಿಯಲ್ಲಿ, ಗುಮಾಸ್ತಿಕೆಯಲ್ಲಿ ಇದ್ದ ಹುಡುಗರು. 1941ರ ಕೊನೆಯಲ್ಲಿ ಹಡಗು ಹತ್ತಿದಾಗ ಅವರಿಗೆ ಸಿಂಗಾಪುರದ ಯೋಚನೆಯೇ ಇರಲಿಲ್ಲ. ನಡುದಾರಿಯಲ್ಲಿ ಜಪಾನ್ ಯುದ್ಧಕ್ಕಿಳಿಯಿತು. ಒಂದು ಬ್ರಿಗೇಡನ್ನು ಅವಸರದಲ್ಲಿ ಮುಂದೆ ಕಳಿಸಿದರು. ಉಳಿದ ಎರಡು ಬ್ರಿಗೇಡ್‌ಗಳು ಮುಂಬೈಯಲ್ಲಿ ಇಳಿದು ಅಹಮದ್‌ನಗರದಲ್ಲಿ ಕೆಲವು ವಾರ ಕವಾಯತು ಮಾಡಿ ಮತ್ತೆ ಹಡಗು ಹತ್ತಿದವು. ಅವು ಸಿಂಗಾಪುರ ಮುಟ್ಟಿದ್ದು 1942ರ ಜನವರಿ ಕೊನೆಗೆ. ಫೆಬ್ರವರಿ 15ಕ್ಕೆ ಶರಣಾಗತಿ. ಎರಡೂವರೆ ವಾರ ಯುದ್ಧ, ಮೂರೂವರೆ ವರ್ಷ ಸೆರೆ. ಲೆಕ್ಕ ಹಾಕಿ ನೋಡಿ.

ಅಷ್ಟೊಂದು ಜನ ಒಂದೇ ಸಲ ಹೇಗೆ ಸಿಕ್ಕಿಬಿದ್ದರು?

ಜಪಾನಿನ ಸೇನೆ ಮಲಯಾದ ಉದ್ದಕ್ಕೂ ಕೆಳಗಿಳಿದು ಬಂತು, ಎಷ್ಟೋ ಸೈನಿಕರು ಸೈಕಲ್ ತುಳಿದುಕೊಂಡೇ ಬಂದರು. ಸಿಂಗಾಪುರದ ಕೆರೆಗಳು ಅವರ ಕೈಗೆ ಹೋದವು. ಊರಲ್ಲಿ ಮಲಯಾದಿಂದ ಓಡಿಬಂದ ಜನ ತುಂಬಿತ್ತು, ನೀರಿನ ಪೈಪುಗಳು ಬಾಂಬಿಗೆ ಒಡೆದಿದ್ದವು. ಕೊನೆಗೆ ಬ್ರಿಟಿಷ್ ಪಡೆಗಳ ಮುಖ್ಯಸ್ಥ ಜನರಲ್ ಪರ್ಸಿವಲ್ ಬುಕಿತ್ ತಿಮಾದ ಫೋರ್ಡ್ ಕಾರ್ಖಾನೆಯಲ್ಲಿ ಜಪಾನಿನ ಸೇನಾಪತಿ ಯಮಶಿತನ ಎದುರು ಕೂತು ಸಹಿ ಹಾಕಿದರು. ಸಿಂಗಾಪುರದಲ್ಲೇ ಸುಮಾರು 80,000 ಮಂದಿ ಸೆರೆಯಾದರು. ಬ್ರಿಟಿಷರು, ಆಸ್ಟ್ರೇಲಿಯನ್ನರು, ನಮ್ಮವರು ಎಲ್ಲ ಸೇರಿ. ಗೆದ್ದವರ ಸಂಖ್ಯೆ ಇದಕ್ಕಿಂತ ಎಷ್ಟೋ ಕಡಿಮೆ ಇತ್ತು.

ಚಾಂಗಿ ಅಂದರೆ ವಿಮಾನ ನಿಲ್ದಾಣದ ಹತ್ತಿರದ ಜೈಲಲ್ವಾ? ಅಲ್ಲೇ ಹಾಕಿದರಾ?

ಹೌದು ಮತ್ತು ಅಲ್ಲ. ಚಾಂಗಿ ಜೈಲಿಗೆ ಮೊದಲು ಹಾಕಿದ್ದು ಯುರೋಪಿನ ನಾಗರಿಕರನ್ನು, ಹೆಂಗಸರು ಮಕ್ಕಳು ಸಮೇತ. ಸೈನಿಕರು ಇದ್ದಿದ್ದು ಸುತ್ತಮುತ್ತಲಿನ ಮಿಲಿಟರಿ ಬ್ಯಾರಕ್‌ಗಳಲ್ಲಿ. ಬ್ರಿಟಿಷ್ ಮತ್ತು ಆಸ್ಟ್ರೇಲಿಯನ್ ಸೈನಿಕರು ಸೇರಿ ಸುಮಾರು 50,000 ಜನ ಊರಿಂದ ಅಲ್ಲಿಗೆ ನಡೆದೇ ಹೋದರು. ಸೈನಿಕರನ್ನು ಜೈಲಿಗೆ ಮತ್ತು ಅದರ ಅಕ್ಕಪಕ್ಕಕ್ಕೆ ಸಾಗಿಸಿದ್ದು 1944ರಲ್ಲಿ.

ಇನ್ನೊಂದು ಮಾತು. ಕೇಳಿದವರಿಗೆಲ್ಲ ‘ಚಾಂಗಿ’ ಅಂದರೆ ನರಕ. ಆದರೆ ಕಾಡಿಗೆ ಹೋಗಿ ವಾಪಸ್ ಬಂದ ಕೈದಿಗಳಿಗೆ ಚಾಂಗಿ ತವರುಮನೆ ಇದ್ದ ಹಾಗೆ ಕಂಡಿತಂತೆ. ಮೊದಲ ತಿಂಗಳುಗಳಲ್ಲಿ ಅಲ್ಲಿ ಕಾವಲುಗಾರರು ಕಾಣಿಸುತ್ತಿದ್ದುದೇ ಕಡಿಮೆ. ಕೈದಿಗಳು ತರಕಾರಿ ಬೆಳೆದರು, ನಾಟಕ ಆಡಿದರು, ಪಾಠ ನಡೆಸಿದರು.

ರಾಬರ್ಟ್ಸ್ ಬ್ಯಾರಕ್‌ನಲ್ಲಿ ಆಮಶಂಕೆ ರೋಗಿಗಳ ಆಸ್ಪತ್ರೆ ಇತ್ತು. ಅಲ್ಲಿ ಸ್ಟ್ಯಾನ್ಲಿ ವಾರೆನ್ ಎಂಬ ಸೈನಿಕ ಸಾಯುವ ಹಾಗಿದ್ದವನು ಎದ್ದು ಕೂತು, ಪ್ರಾರ್ಥನೆಯ ಕೋಣೆಯ ಗೋಡೆ ಮೇಲೆ ಯೇಸುವಿನ ಚಿತ್ರಗಳನ್ನು ಬರೆದ. ನೀಲಿ ಬಣ್ಣ ಬೇಕಲ್ಲ? ಬಿಲಿಯರ್ಡ್ಸ್ ಆಡುವ ಕೋಲಿನ ತುದಿಗೆ ತಿಕ್ಕುವ ನೀಲಿ ಸೀಮೆಸುಣ್ಣವನ್ನು ಪುಡಿ ಮಾಡಿಕೊಂಡ. ಯುದ್ಧ ಮುಗಿದು ಎಷ್ಟೋ ವರ್ಷದ ಮೇಲೆ ಆತ ಲಂಡನ್ನಿನಲ್ಲಿ ಚಿತ್ರಕಲೆ ಮೇಷ್ಟರಾಗಿದ್ದಾಗ ಹುಡುಕಿ ಕರೆದರು. ಹೋಗಿ ಅವನ್ನೇ ಮತ್ತೆ ತಿದ್ದಿ ಬಂದ.

ತಪ್ಪಿಸಿಕೊಂಡು ಹೋಗಲು ಯಾರೂ ನೋಡಲಿಲ್ವಾ?

ನೋಡಿದರು, ಕೆಲವರು. ಆದರೆ ಎಲ್ಲಿಗೆ ಹೋಗೋದು? ಜರ್ಮನಿಯಲ್ಲಿ ತಪ್ಪಿಸಿಕೊಂಡ ಬಿಳಿಯ ಕೈದಿ ಸುತ್ತಲ ಜನರಲ್ಲಿ ಬೆರೆತುಹೋಗಬಹುದಿತ್ತು. ಇಲ್ಲಿ ಬಿಳಿ ಮುಖ ಒಂದು ಮೈಲಿ ದೂರದಿಂದಲೇ ಕಾಣುತ್ತದೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಕಾಡು, ಹಿಡಿದುಕೊಟ್ಟವರಿಗೆ ಇನಾಮು.

1942ರ ಆಗಸ್ಟ್ ಕೊನೆಯಲ್ಲಿ ‘ನಾವು ತಪ್ಪಿಸಿಕೊಳ್ಳುವುದಿಲ್ಲ’ ಅಂತ ಎಲ್ಲರೂ ಬರೆದುಕೊಡಬೇಕು ಎಂದು ಜಪಾನಿನ ಜನರಲ್ ಫುಕುಯೆ ಹಟ ಹಿಡಿದ. ಕೈದಿಗಳು ಒಪ್ಪಲಿಲ್ಲ. ಸಾವಿರ ಜನವೂ ಹಿಡಿಸದ ಸೆಲರಾಂಗ್ ಬ್ಯಾರಕ್‌ಗೆ ಹದಿನೈದು ಸಾವಿರಕ್ಕೂ ಜಾಸ್ತಿ ಜನರನ್ನು ತುಂಬಿದರು. ನೀರಿಗೆ ಎರಡೇ ನಲ್ಲಿ. ಕವಾಯತು ಮೈದಾನದ ಡಾಂಬರು ಅಗೆದು ಕಕ್ಕಸು ಗುಂಡಿ ತೋಡಿಕೊಂಡರು. ತಪ್ಪಿಸಿಕೊಂಡು ಸಿಕ್ಕಿಬಿದ್ದಿದ್ದ ನಾಲ್ವರನ್ನು ಸಮುದ್ರದಂಡೆಯಲ್ಲಿ ಗುಂಡಿಟ್ಟು ಕೊಂದರು. ಅಂಟುರೋಗ ಶುರುವಾಗುವ ಸೂಚನೆ ಕಂಡಾಗ ಅಧಿಕಾರಿಗಳು ‘ಬಲವಂತಕ್ಕೆ ಹಾಕಿದ ಸಹಿ’ ಎಂದು ಹೇಳಿ ಸಹಿ ಹಾಕಿಸಿದರು. ಸುಳ್ಳು ಹೆಸರು ಬರೆದವರಿಗೆ ಲೆಕ್ಕವಿಲ್ಲ. ಫುಕುಯೆಗೆ 1946ರಲ್ಲಿ ಮರಣದಂಡನೆ ಆಯಿತು.

ಯುದ್ಧ ಕೈದಿಗಳಿಗೆ ಜಿನೀವಾ ಒಪ್ಪಂದ ಇರಲಿಲ್ವಾ?

1929ರ ಒಪ್ಪಂದಕ್ಕೆ ಜಪಾನ್ ಸಹಿ ಹಾಕಿತ್ತು, ಆಮೇಲೆ ಅದನ್ನು ಅಂಗೀಕರಿಸಲಿಲ್ಲ. ಶರಣಾಗುವುದೇ ಸೈನಿಕನಿಗೆ ಅವಮಾನ ಎಂದು ತನ್ನ ಸೈನಿಕರಿಗೆ ಕಲಿಸಿದ್ದ ಸೇನೆ ಅದು. ಶತ್ರು ಶರಣಾದಾಗ ಮರ್ಯಾದೆ ಕೊಡುತ್ತದಾ?

ರೈಲು ದಾರಿ ಯಾಕೆ ಬೇಕಿತ್ತು?

ಬರ್ಮಾದಲ್ಲಿದ್ದ ಸೇನೆಗೆ ಸಾಮಾನು ಕಳಿಸಲು. ಸಮುದ್ರದಲ್ಲಿ ಸಿಂಗಾಪುರ ಸುತ್ತಿಕೊಂಡು ರಂಗೂನಿಗೆ ಹೋಗುವ ಹಡಗುಗಳಿಗೆ ಸಬ್‌ಮೆರೀನ್‌ಗಳ ಕಾಟ. ಅದಕ್ಕೆ ಥಾಯ್ಲೆಂಡಿನ ನೊಂಗ್ ಪ್ಲಾದುಕ್‌ನಿಂದ ಬರ್ಮಾದ ಥಾನ್‌ಬ್ಯುಜಯತ್‌ವರೆಗೆ 415 ಕಿಲೋಮೀಟರ್ ಮೀಟರ್ ಗೇಜ್ ಹಳಿ ಹಾಕಲು ಹೊರಟರು. ಬೆಟ್ಟ, ಕಾಡು, ನದಿಯ ಅಂಚು. ಎರಡೂ ಕಡೆಯಿಂದ ಕೆಲಸ ಶುರುವಾಗಿ 1943ರ ಅಕ್ಟೋಬರ್ 17ರಂದು ಕೊಂಕೊಯಿತ ಎಂಬಲ್ಲಿ ಹಳಿಗಳು ಕೂಡಿದವು. ಸುಮಾರು ಒಂದೂಕಾಲು ವರ್ಷದಲ್ಲಿ, ಹೆಚ್ಚುಕಮ್ಮಿ ಯಂತ್ರವೇ ಇಲ್ಲದೆ.

ಅರವತ್ತು ಸಾವಿರಕ್ಕೂ ಜಾಸ್ತಿ ಯುದ್ಧ ಕೈದಿಗಳು ಅಲ್ಲಿ ದುಡಿದರು. ಅದರಲ್ಲಿ ಅರ್ಧದಷ್ಟು, ಅಂದರೆ ಸುಮಾರು 30,000 ಬ್ರಿಟಿಷರು. ಉಳಿದವರು ಡಚ್ಚರು, ಆಸ್ಟ್ರೇಲಿಯನ್ನರು, ಸ್ವಲ್ಪ ಅಮೆರಿಕನ್ನರು. ಏಷ್ಯಾದ ಕೂಲಿಗಳ ವಿಷಯ ಮುಂದೆ ಹೇಳುತ್ತೇನೆ.

ಸಿಂಗಾಪುರದಿಂದ ಅಲ್ಲಿಗೆ ಹೇಗೆ ಕರೆದುಕೊಂಡು ಹೋದರು?

ಉಕ್ಕಿನ ಗೂಡ್ಸ್ ಡಬ್ಬಿಯಲ್ಲಿ. ಒಂದೊಂದರಲ್ಲಿ ಮೂವತ್ತು ಜನ, ಜೊತೆಗೆ ಅವರ ಗಂಟುಮೂಟೆ. ಎಲ್ಲರೂ ಒಟ್ಟಿಗೆ ಕೂರಲು ಜಾಗ ಸಾಲದು, ಸರದಿ ಮೇಲೆ ಕೂರಬೇಕು. ಹಗಲು ಕಾವಲಿ ಹಾಗೆ ಕಾಯುತ್ತದೆ, ರಾತ್ರಿ ತಣ್ಣಗೆ ಕೊರೆಯುತ್ತದೆ. ನಾಲ್ಕೈದು ದಿನ ಹೀಗೆ ಹೋಗಿ ಥಾಯ್ಲೆಂಡಿನ ಬಾನ್ ಪೊಂಗ್‌ನಲ್ಲಿ ಇಳಿಸಿ, ಅಲ್ಲಿಂದ ನಡೆಸುತ್ತಿದ್ದರು.

‘ಎಫ್ ಫೋರ್ಸ್’ ಎಂಬ ತಂಡದ ಕತೆ ಕೇಳಿದರೆ ಹೊಟ್ಟೆ ಉರಿಯುತ್ತದೆ. 1943ರ ಏಪ್ರಿಲ್‌ನಲ್ಲಿ 7,000 ಜನ, ಅರ್ಧಕ್ಕರ್ಧ ಬ್ರಿಟಿಷರು. ಒಳ್ಳೇ ಹವೆ ಇರುವ ಜಾಗಕ್ಕೆ ಕರೆದುಕೊಂಡು ಹೋಗುತ್ತೇವೆ, ಊಟ ಚೆನ್ನಾಗಿರುತ್ತದೆ, ಕಾಯಿಲೆಯವರೂ ಬರಬಹುದು ಎಂದು ನಂಬಿಸಿದರು. ಪಾಪ, ಪಿಯಾನೋ ಕೂಡ ಹೊತ್ತುಕೊಂಡು ಹೊರಟರು! ಬಾನ್ ಪೊಂಗ್‌ನಲ್ಲಿ ಇಳಿದ ಮೇಲೆ ರಾತ್ರಿ ಹೊತ್ತು ಕೆಸರಿನಲ್ಲಿ 300 ಕಿಲೋಮೀಟರ್ ಆಸುಪಾಸು ನಡೆಸಿದರು. ಪಿಯಾನೋ ಅಲ್ಲೇ ಉಳಿಯಿತು. ವರ್ಷ ತಿರುಗುವುದರೊಳಗೆ ಆ ತಂಡದಲ್ಲಿ ಮೂರು ಸಾವಿರಕ್ಕೂ ಜಾಸ್ತಿ ಜನ ಸತ್ತರು. ಬ್ರಿಟಿಷರಲ್ಲಂತೂ ನೂರಕ್ಕೆ ಅರವತ್ತು ಮಂದಿ.

ಒಂದು ದಿನ ಹೇಗಿರುತ್ತಿತ್ತು?

ಶಿಬಿರಗಳಲ್ಲಿ ಗಡಿಯಾರ ಟೋಕಿಯೋ ಸಮಯಕ್ಕೆ ನಡೆಯುತ್ತಿತ್ತು. ಅಂದರೆ ಕತ್ತಲಲ್ಲೇ ಬೆಳಗಾಗುತ್ತಿತ್ತು. ಬಿದಿರಿನ ದಬ್ಬೆಯ ಅಟ್ಟಣಿಗೆ, ಮೇಲೆ ಗರಿಯ ಸೂರು, ದಬ್ಬೆಯ ಸಂದಿಯಲ್ಲೆಲ್ಲ ತಿಗಣೆ. ಎದ್ದ ಕೂಡಲೇ ‘ತೆಂಕೊ’, ಅಂದರೆ ಹಾಜರಿ. ‘ಇಚಿ, ನಿ, ಸಾನ್, ಶಿ, ಗೋ’ ಅಂತ ಜಪಾನಿ ಭಾಷೆಯಲ್ಲೇ ಎಣಿಸಬೇಕು. ತಪ್ಪಿದರೆ ಕಪಾಳಕ್ಕೆ ಬೀಳುತ್ತದೆ, ಎಣಿಕೆ ಮೊದಲಿಂದ. ಕಾವಲುಗಾರರು ಬಹಳಷ್ಟು ಮಂದಿ ಕೊರಿಯಾದವರು. ಜಪಾನಿನ ಸೇನೆಯಲ್ಲಿ ತೀರಾ ಕೆಳಗಿನ ಮೆಟ್ಟಿಲು ಅವರದು. ಮೇಲಿಂದ ಬಿದ್ದ ಪೆಟ್ಟು ಇಲ್ಲಿ ಕೈದಿಗಳ ಮೇಲೆ ಇಳಿಯುತ್ತಿತ್ತು.

ಕೆಲಸ ಅಂದರೆ ಮಣ್ಣು, ಕಲ್ಲು, ಮರ. ಏರಿ ಹಾಕಲು ಮಣ್ಣು ಬೇಕು. ಅಕ್ಕಿ ಗೋಣಿಯ ಎರಡು ಬದಿಗೆ ಎರಡು ಬಿದಿರು ತೂರಿಸಿ, ನಡುವೆ ಮಣ್ಣು ತುಂಬಿ, ಇಬ್ಬರು ಹೊತ್ತು ಓಡಬೇಕು. ತಲೆಗೆ ಇಷ್ಟು ಅಂತ ದಿನದ ಅಳತೆ. ಬೇಗ ಮುಗಿಸಿದರೆ ಬೇಗ ಬಿಡುತ್ತಾರೆ ಅಂತ ಮೊದಮೊದಲು ಹುಡುಗರು ಚುರುಕಾಗಿ ಮಾಡಿದರು. ಮಾರನೇ ದಿನ ಅಳತೆ ಜಾಸ್ತಿ ಆಯಿತು. ಆಮೇಲೆ ಬುದ್ಧಿ ಬಂತು.

ಬಂಡೆ ಇದ್ದ ಕಡೆ ಒಬ್ಬ ಉಕ್ಕಿನ ಸರಳು ಹಿಡಿದು ಪ್ರತಿ ಏಟಿಗೂ ಸ್ವಲ್ಪ ತಿರುಗಿಸಬೇಕು, ಇನ್ನೊಬ್ಬ ದೊಡ್ಡ ಸುತ್ತಿಗೆಯಿಂದ ಬಡಿಯಬೇಕು. ತೂತು ಮೀಟರ್ ಆಳ ಇಳಿದ ಮೇಲೆ ಮದ್ದು ತುಂಬಿ ಸಿಡಿಸುವುದು, ಚೂರುಗಳನ್ನು ಬುಟ್ಟಿಯಲ್ಲಿ ಹೊರುವುದು. ಹೀಗೆ ಕಡಿದಿದ್ದೇ ಕೊನ್ಯು ಹತ್ತಿರದ ಹೆಲ್‌ಫೈರ್ ಪಾಸ್. ರಾತ್ರಿ ಬಿದಿರಿನ ಬೆಂಕಿ, ಎಣ್ಣೆ ದೀಪದ ಬೆಳಕಲ್ಲಿ ಎಲುಬಿನ ಹಂದರಗಳು ಸುತ್ತಿಗೆ ಎತ್ತುತ್ತಿದ್ದುದನ್ನು ಕಂಡು ಆ ಹೆಸರು ಇಟ್ಟರು. ಈಗಲೂ ಅಲ್ಲಿಗೆ ಹೋದರೆ ಬಂಡೆಯಲ್ಲಿ ಮುರಿದುಕೊಂಡು ಉಳಿದ ಸರಳಿನ ತುದಿ ಕಾಣುತ್ತದೆ. ಬೆರಳಿಟ್ಟು ನೋಡಿದೆ, ತುಕ್ಕು ಅಂಟಿಕೊಂಡಿತು.

1943ರ ಶುರುವಿನಿಂದ ‘ಸ್ಪೀಡೋ’ ಕಾಲ. ಮೊದಲು ಹೇಳಿದ್ದಕ್ಕಿಂತ ಬೇಗ ಮುಗಿಸಬೇಕು ಅಂತ ಗಡುವು ಬದಲಾಯಿಸಿದರು, ಕಾವಲುಗಾರರ ಬಾಯಲ್ಲಿ ‘ಸ್ಪೀಡೋ, ಸ್ಪೀಡೋ’ ಒಂದೇ ಮಾತು. ಆಸ್ಪತ್ರೆಯಲ್ಲಿ ಮಲಗಿದವರನ್ನೂ ಎಬ್ಬಿಸಿ ಕಳಿಸುತ್ತಿದ್ದರು. ಅದೇ ಹೊತ್ತಿಗೆ ಮಳೆಗಾಲ, ಅದರ ಹಿಂದೆಯೇ ಕಾಲರಾ.

ಬಟ್ಟೆ? ಮಳೆಗೆ ಕೊಳೆತು ಹೋಯಿತು. ಉಳಿದದ್ದು ಕೌಪೀನದಂಥ ಒಂದು ತುಂಡು. ಬೂಟು ಹೋಗಿ ಬರಿಗಾಲು.

ಊಟಕ್ಕೆ ಏನು ಕೊಡುತ್ತಿದ್ದರು? ಅನ್ನ ತಿಂದು ಯಾರಾದರೂ ಸಾಯ್ತಾರಾ?

ಎಲ್ಲರೂ ಕೇಳುವ ಪ್ರಶ್ನೆ ಇದು. ನನ್ನ ಪ್ರಕಾರ ಇಡೀ ಕತೆಯ ಗಂಟು ಇರುವುದೂ ಇಲ್ಲೇ. ಮೂರು ಹೊತ್ತು ಅನ್ನ ತಿನ್ನುವ ನಮಗೆ ಇದರಲ್ಲಿ ಏನು ಕಷ್ಟ ಅನ್ನಿಸುವುದು ಸಹಜ. ಆದರೆ ನಾವು ಬರೀ ಅನ್ನ ತಿನ್ನುತ್ತೇವಾ? ಸಾರು, ಬೇಳೆ, ಮಜ್ಜಿಗೆ, ಪಲ್ಯ ಇಲ್ಲದೆ?

ಅವರಿಗೆ ಬೆಳಗ್ಗೆ ಗಂಜಿ, ಮಧ್ಯಾಹ್ನ ಕೆಲಸದ ಜಾಗದಲ್ಲಿ ತಣ್ಣನೆ ಅನ್ನ, ಸಂಜೆ ಅನ್ನದ ಜೊತೆ ಮೂಲಂಗಿಯೋ ಕುಂಬಳವೋ ತೇಲುವ ನೀರುಸಾರು. ಅಕ್ಕಿಯೂ ಹುಳ ಬಿದ್ದ, ಸುಣ್ಣ ಬೆರೆತ, ಗುಡಿಸಿ ತಂದ ಅಕ್ಕಿ. ಮುಖ್ಯವಾಗಿ ಅದು ಪಾಲಿಶ್ ಅಕ್ಕಿ. ಅಕ್ಕಿಯ ಬಿ1 ಜೀವಸತ್ವ ಇರುವುದು ತೌಡಿನಲ್ಲಿ. ತೌಡು ಹೋದರೆ ಅದೂ ಹೋಯಿತು. ಬೇರೇನೂ ಇಲ್ಲದೆ ತಿಂಗಳುಗಟ್ಟಲೆ ಅದನ್ನೇ ತಿಂದರೆ ಬೆರಿಬೆರಿ ಬರುತ್ತದೆ. ಕಾಲು ಕಂಬದ ಹಾಗೆ ಊದುತ್ತದೆ, ನೀರು ಮೇಲೇರಿ ಎದೆಗೆ ಬರುತ್ತದೆ, ಹೃದಯ ನಿಲ್ಲುತ್ತದೆ. ಕೆಲವರಿಗೆ ಅಂಗಾಲು ಉರಿ. ರಾತ್ರಿಯೆಲ್ಲ ಕಾಲು ನೀರಲ್ಲಿ ಅದ್ದಿ ಕೂತಿರುತ್ತಿದ್ದರು.

ಡಾಕ್ಟರುಗಳು ಹುಡುಕಿದ ಮದ್ದು ಏನು ಗೊತ್ತಾ? ನಮ್ಮಲ್ಲಿ ಎಮ್ಮೆಗೆ ಹಾಕುವ ತೌಡು. ಬೇಡಿ, ಕದ್ದು, ಕೊಂಡು ತಂದು ಚಮಚದಲ್ಲಿ ತಿನ್ನಿಸಿದರು. ಸಿಕ್ಕಿದಾಗ ಹೆಸರುಕಾಳು. ಚಾಂಗಿಯಲ್ಲಿ ಹುಲ್ಲು ಅರೆದು ರಸ ತೆಗೆದು ಕುಡಿಸಿದರು. ಜಾವಾದಿಂದ ಬಂದ ಡಚ್ಚರಿಗೆ ಯಾವ ಸೊಪ್ಪು ತಿನ್ನಬಹುದು ಅಂತ ಗೊತ್ತಿತ್ತು. ನಾರ್ಫಕ್‌ನ ಹುಡುಗನಿಗೆ ಗೊತ್ತಿರಲಿಲ್ಲ.

ಎಲ್ಲಕ್ಕಿಂತ ದೊಡ್ಡ ಮದ್ದು ಬಾತುಕೋಳಿ ಮೊಟ್ಟೆ. ದೋಣಿಯಲ್ಲಿ ಥಾಯ್ ವ್ಯಾಪಾರಿಗಳು ತಂದು ಮಾರುತ್ತಿದ್ದರು. ಒಂದು ದಿನದ ಕೂಲಿಗೆ ಒಂದೆರಡು ಸಿಗುತ್ತಿತ್ತು. ಕಾಡಿನ ಒಳಕ್ಕೆ ಹೋದಷ್ಟೂ ಬೆಲೆ ಏರುತ್ತಿತ್ತು, ಕೊನೆಗೆ ಸಿಗುತ್ತಲೇ ಇರಲಿಲ್ಲ. ನದಿಗೆ ಹತ್ತಿರವಿದ್ದ ಶಿಬಿರಕ್ಕೂ ದೂರವಿದ್ದ ಶಿಬಿರಕ್ಕೂ ಸಾವಿನ ಸಂಖ್ಯೆಯಲ್ಲಿ ಎಷ್ಟು ವ್ಯತ್ಯಾಸ ಅಂತ ನೋಡಿದರೆ ದಂಗಾಗುತ್ತೀರಿ. ಧೈರ್ಯ, ದೇಶಭಕ್ತಿ ಅಂತೆಲ್ಲ ದೊಡ್ಡ ಮಾತು ಇರಲಿ. ಮೊಟ್ಟೆ ಸಿಕ್ಕವನು ಬದುಕಿದ.

ಬಿಡುವಿನಲ್ಲಿ ಏನು ಮಾಡುತ್ತಿದ್ದರು ಅಂತಲೂ ಕೇಳುತ್ತಾರೆ. ಅಡುಗೆ ಬರೆದುಕೊಳ್ಳುತ್ತಿದ್ದರು! ಅಮ್ಮ ಮಾಡುತ್ತಿದ್ದ ಪುಡಿಂಗು, ಕ್ರಿಸ್‌ಮಸ್ ಊಟ, ಅಳತೆ ಸಮೇತ.

ಸಂಬಳ ಕೊಡುತ್ತಿದ್ದರಾ?

ಹೌದು, ಕೆಲಸ ಮಾಡಿದ ದಿನಕ್ಕೆ ಚಿಲ್ಲರೆ. ಕಾಯಿಲೆ ಬಿದ್ದರೆ ದುಡ್ಡೂ ಇಲ್ಲ, ಊಟವೂ ಕಡಿತ. ಅಧಿಕಾರಿಗಳಿಗೆ ಸ್ವಲ್ಪ ಜಾಸ್ತಿ ಬರುತ್ತಿತ್ತು. ಅದರಲ್ಲಿ ಒಂದು ಪಾಲು ಆಸ್ಪತ್ರೆ ನಿಧಿಗೆ ಕಟ್ಟಿಸಿ, ರೋಗಿಗಳಿಗೆ ಮೊಟ್ಟೆ ಕೊಳ್ಳುತ್ತಿದ್ದರು. ಕಾಂಚನಬುರಿಯ ವ್ಯಾಪಾರಿ ಬೂನ್‌ಪೊಂಗ್ ತರಕಾರಿ ಬುಟ್ಟಿಯ ಜೊತೆಗೆ ಔಷಧಿ, ಸಾಲದ ದುಡ್ಡು, ರೇಡಿಯೋ ಬ್ಯಾಟರಿ ಒಳಗೆ ಸಾಗಿಸಿದ. ಸಿಕ್ಕಿಬಿದ್ದಿದ್ದರೆ ತಲೆ ಹೋಗುತ್ತಿತ್ತು. ಹಳೇ ಕೈದಿಗಳು ಆತನನ್ನು ಕೊನೆಯವರೆಗೂ ನೆನೆದರು.

ಮಿಕ್ಕ ದುಡ್ಡಿಗೆ ಹೊಗೆಸೊಪ್ಪು. ಸುತ್ತಲು ತೆಳು ಕಾಗದ ಬೇಕಲ್ಲ? ಬೈಬಲ್ ಹಾಳೆ. ಓದಿ ಮುಗಿಸಿದ ಹಾಳೆಯನ್ನೇ ಹರಿಯಬೇಕು ಅಂತ ಕೆಲವರು ನಿಯಮ ಮಾಡಿಕೊಂಡಿದ್ದರಂತೆ.

ಔಷಧಿ ಇಲ್ಲದೆ ಡಾಕ್ಟರುಗಳು ಏನು ಮಾಡಿದರು?

ಬಿದಿರು ಮುಳ್ಳು ತರಚಿದರೆ ಸಾಕು, ಹುಣ್ಣಾಗಿ ಮೂಳೆ ಕಾಣುವವರೆಗೆ ಕೊಳೆಯುತ್ತಿತ್ತು. ಮಂಪರು ಕೊಡಲು ಏನೂ ಇಲ್ಲ. ನಾಲ್ವರು ಅದುಮಿ ಹಿಡಿದು, ಅಂಚು ಚೂಪು ಮಾಡಿದ ಚಮಚದಿಂದ ಕೊಳೆತದ್ದನ್ನು ಕೆರೆದು ತೆಗೆಯುತ್ತಿದ್ದರು. ಕೆಲವೊಮ್ಮೆ ಹುಳ ಬಿಟ್ಟು ತಿನ್ನಿಸುತ್ತಿದ್ದರು. ಅದೂ ಆಗದಿದ್ದರೆ ಕಾಲು ಕತ್ತರಿಸುವುದು. ಚುಂಗ್‌ಕೈ ಶಿಬಿರದಲ್ಲಿ ಡಾಕ್ಟರ್ ಮಾರ್ಕೊವಿಟ್ಜ್ ಇದರಲ್ಲಿ ಹೆಸರಾದವರು. ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ರಾಸಾಯನಿಕ ಅವರ ಹತ್ತಿರ ಇರಲಿಲ್ಲ. ಅದಕ್ಕೆ ತೆಗೆದ ರಕ್ತವನ್ನು ಮೊಸರು ಕಡೆದ ಹಾಗೆ ಕಡೆದು, ಕಟ್ಟಿದ ನಾರನ್ನು ಶೋಧಿಸಿ, ಇನ್ನೊಬ್ಬನಿಗೆ ಏರಿಸುತ್ತಿದ್ದರು. ಕೆಲಸ ಮಾಡಿತು!

ಕಾಲರಾಕ್ಕೆ ಉಪ್ಪುನೀರು ನರಕ್ಕೆ ಏರಿಸಬೇಕು. ಮಳೆನೀರು ಬಟ್ಟಿ ಇಳಿಸಿ, ಅಡುಗೆ ಉಪ್ಪು ಬೆರೆಸಿ, ಸ್ಟೆತಾಸ್ಕೋಪಿನ ರಬ್ಬರ್ ನಳಿಗೆ ಸಣ್ಣ ಬಿದಿರು ಸೂಜಿ ಸಿಕ್ಕಿಸಿ ಏರಿಸಿದರು. ಸತ್ತವರನ್ನು ಹೂಳದೆ ಸುಡುತ್ತಿದ್ದರು, ರೋಗ ಹರಡದಿರಲಿ ಅಂತ. ಇಂಗ್ಲೆಂಡಿನ ಹಳ್ಳಿಯ ಹುಡುಗರಿಗೆ ಹೆಣ ಸುಡುವ ಕೆಲಸ ಹೊಸದು.

ಕಾಲರಾ ಗುಡಿಸಲಿಗೆ ಕಾವಲುಗಾರರು ಹೆದರಿ ಕಾಲಿಡುತ್ತಿರಲಿಲ್ಲ. ಮುಂದೆ ವ್ಯಂಗ್ಯಚಿತ್ರಕಾರನಾಗಿ ಪ್ರಸಿದ್ಧನಾದ ರೊನಾಲ್ಡ್ ಸರ್ಲ್ ತಾನು ಕದ್ದು ಬರೆದ ಚಿತ್ರಗಳನ್ನು ಅಲ್ಲಿ ಮಲಗಿದ್ದವರ ಹಾಸಿಗೆ ಕೆಳಗೆ ಬಚ್ಚಿಟ್ಟದ್ದು ಅದಕ್ಕೇ.

ಮನೆಗೆ ಕಾಗದ ಬರೆಯಬಹುದಿತ್ತಾ?

ವರ್ಷಕ್ಕೊಂದು ಕಾರ್ಡು ಸಿಕ್ಕರೆ ಪುಣ್ಯ. ಅದೂ ಅಚ್ಚು ಮಾಡಿದ ಕಾರ್ಡು. ‘ನನ್ನ ಆರೋಗ್ಯ ತುಂಬಾ ಚೆನ್ನಾಗಿದೆ’, ‘ಆಸ್ಪತ್ರೆಯಲ್ಲಿದ್ದೇನೆ’, ‘ಸಂಬಳಕ್ಕೆ ಕೆಲಸ ಮಾಡುತ್ತಿದ್ದೇನೆ’ ಅಂತ ಸಾಲುಗಳು. ಬೇಡದ್ದನ್ನು ಹೊಡೆದು ಹಾಕಬೇಕು. ‘ದಯವಿಟ್ಟು ಇಂಥವರನ್ನು ನೋಡಿಕೊಳ್ಳಿ’ ಅನ್ನುವ ಕಡೆ ಒಂದು ಖಾಲಿ ಜಾಗ. ಹುಡುಗರು ಅಲ್ಲೇ ಜಾಣತನ ತೋರಿಸಿದರು. ಮನೆಯವರಿಗೆ ಮಾತ್ರ ಅರ್ಥವಾಗುವ, ಸತ್ತುಹೋದ ಅಜ್ಜಿಯ ಹೆಸರನ್ನೋ ಏನನ್ನೋ ಅಲ್ಲಿ ತುರುಕುತ್ತಿದ್ದರು.

ಮನೆಯಲ್ಲಿ ಅಮ್ಮನಿಗೆ ಬಂದ ಮೊದಲ ಸುದ್ದಿ ‘ನಾಪತ್ತೆ’. ಬದುಕಿದ್ದಾನೆ ಅಂತ ಗೊತ್ತಾಗಲು ಒಂದು ವರ್ಷ, ಇನ್ನೂ ಜಾಸ್ತಿ. ಕಾರ್ಡು ಕೈಸೇರುವ ಹೊತ್ತಿಗೆ ಬರೆದವನು ಸತ್ತಿದ್ದೂ ಉಂಟು. ಮನೆಯಿಂದ ಕೈದಿಗೆ ಬರೆಯುವವರಿಗೂ ಆಮೇಲೆ 25 ಪದಗಳ ಮಿತಿ ಬಂತು. ರೆಡ್ ಕ್ರಾಸ್ ಪಾರ್ಸಲ್ ಬಂದದ್ದು ಬೆರಳೆಣಿಕೆ. ಒಂದು ಪೆಟ್ಟಿಗೆಯನ್ನು ಎಷ್ಟೋ ಜನ ಹಂಚಿಕೊಂಡರು. ಯುದ್ಧ ಮುಗಿದ ಮೇಲೆ ನೋಡಿದರೆ ಜಪಾನಿನವರ ಗೋದಾಮುಗಳಲ್ಲಿ ಪಾರ್ಸಲ್‌ಗಳು, ಔಷಧಿಗಳು ರಾಶಿ ಬಿದ್ದಿದ್ದವು.

ಹೊರಗಿನ ಸುದ್ದಿ?

ಕದ್ದು ಜೋಡಿಸಿದ ರೇಡಿಯೋ. ನೀರಿನ ಬಾಟಲಿಯ ತಳದಲ್ಲಿ, ಪೊರಕೆಯ ತಲೆಯಲ್ಲಿ, ಬಿದಿರಿನ ಒಳಗೆ. ಬಾಟಲಿಯ ಮೇಲ್ಭಾಗದಲ್ಲಿ ನಿಜವಾಗಿಯೂ ನೀರು ಇರುತ್ತಿತ್ತು. 1943ರಲ್ಲಿ ಕಾಂಚನಬುರಿಯಲ್ಲಿ ಸೆಟ್ ಸಿಕ್ಕಿಬಿತ್ತು, ಇಬ್ಬರು ಅಧಿಕಾರಿಗಳನ್ನು ಹೊಡೆದು ಕೊಂದರು.

ಆ ಸಿನಿಮಾದಲ್ಲಿ ತೋರಿಸಿದ್ದು ನಿಜಾನಾ?

‘ದಿ ಬ್ರಿಜ್ ಆನ್ ದ ರಿವರ್ ಕ್ವಾಯ್’ ಸಿನಿಮಾ ಚೆನ್ನಾಗಿದೆ, ಅದರಲ್ಲಿ ಸೈನಿಕರು ಹಾಕುವ ಸಿಳ್ಳೆಯೂ ಚೆನ್ನಾಗಿದೆ. ಕತೆ ಮಾತ್ರ ಕಟ್ಟುಕತೆ. ಶೂಟಿಂಗ್ ಆಗಿದ್ದು ಸಿಲೋನಿನಲ್ಲಿ. ಶತ್ರುವಿಗಾಗಿ ಹೆಮ್ಮೆಯಿಂದ ಸೇತುವೆ ಕಟ್ಟಿದ ಕರ್ನಲ್ ಯಾರೂ ಇರಲಿಲ್ಲ. ನಿಜವಾದ ಸೇತುವೆಯ ಹತ್ತಿರವಿದ್ದ ತಮರ್ಕಾನ್ ಶಿಬಿರದಲ್ಲಿ ಕೈದಿಗಳ ಮುಖ್ಯಸ್ಥರಾಗಿದ್ದ ಕರ್ನಲ್ ಫಿಲಿಪ್ ಟೂಸಿ ಜಪಾನಿನವರ ಜೊತೆ ಚೌಕಾಸಿ ಮಾಡಿ ತನ್ನವರ ಊಟ, ಬಿಡುವು, ಸ್ವಚ್ಛತೆ ಕಾಪಾಡಿಕೊಂಡವರು. ಅವರ ಕೈಕೆಳಗಿನವರು ಮರದ ತೊಲೆಗೆ ಗೆದ್ದಲು ತಂದು ಬಿಡುತ್ತಿದ್ದರು ಅಂತ ಹೇಳುತ್ತಾರೆ.

ಇನ್ನೊಂದು ತಮಾಷೆ. ಸೇತುವೆ ಇದ್ದದ್ದು ಮೇ ಕ್ಲೊಂಗ್ ನದಿ ಮೇಲೆ. ಸಿನಿಮಾ ನೋಡಿದ ಪ್ರವಾಸಿಗರು ‘ಕ್ವಾಯ್ ಎಲ್ಲಿ’ ಅಂತ ಕೇಳಿ ಕೇಳಿ, 1960ರ ದಶಕದಲ್ಲಿ ನದಿಯ ಆ ಭಾಗಕ್ಕೇ ‘ಖ್ವೆ ಯಾಯ್’ ಅಂತ ಹೆಸರು ಬದಲಾಯಿಸಿದರು! ಉಕ್ಕಿನ ಕಮಾನುಗಳು ಜಾವಾದಿಂದ ತಂದವು. 1945ರಲ್ಲಿ ಮಿತ್ರಪಕ್ಷದ ವಿಮಾನಗಳು ಬಾಂಬ್ ಹಾಕಿ ಕೆಡವಿದ ಕಡೆ ಈಗ ನೇರ ಅಂಚಿನ ಎರಡು ಚೌಕಟ್ಟುಗಳಿವೆ, ಹೋದಾಗ ಗಮನಿಸಿ.

ನಮ್ಮವರು ಇರಲಿಲ್ವಾ?

ಇದ್ದರು, ತುಂಬಾ ಜನ. ಸಿಂಗಾಪುರದಲ್ಲಿ ಭಾರತೀಯ ಸೈನಿಕರನ್ನು ಬ್ರಿಟಿಷರಿಂದ ಬೇರ್ಪಡಿಸಿ 1942ರ ಫೆಬ್ರವರಿ 17ರಂದು ಫ್ಯಾರರ್ ಪಾರ್ಕ್‌ನಲ್ಲಿ ಸೇರಿಸಿದರು. ಅಲ್ಲಿಂದ ಶುರುವಾದದ್ದು ಮೋಹನ್ ಸಿಂಗ್ ಅವರ ಆಜಾದ್ ಹಿಂದ್ ಫೌಜ್. ಸೇರಿದವರು ಸೇರಿದರು. ಸೇರದೆ ಉಳಿದ ಎಷ್ಟೋ ಜನರನ್ನು ನ್ಯೂಗಿನಿಯಂಥ ದೂರದ ದ್ವೀಪಗಳಿಗೆ ಕೂಲಿಗೆ ಸಾಗಿಸಿದರು. ಮೈಸೂರು ಸಂಸ್ಥಾನದ ಒಂದು ಪದಾತಿ ಪಡೆಯೂ ಸಿಂಗಾಪುರದಲ್ಲಿತ್ತು, ಅದೂ ಸೆರೆಯಾಯಿತು. ನಮ್ಮೂರುಗಳಲ್ಲಿ ಇದನ್ನು ನೆನೆಯುವವರು ಕಡಿಮೆ. ಸೆಲರಾಂಗ್ ಪ್ರಕರಣದಲ್ಲಿ ಸಮುದ್ರದಂಡೆಯಲ್ಲಿ ಆ ನಾಲ್ವರ ಮೇಲೆ ಗುಂಡು ಹಾರಿಸಿದ ತುಕಡಿ ಜಪಾನಿನ ಕಡೆ ಸೇರಿದ್ದ ಭಾರತೀಯರದು ಎಂಬುದನ್ನೂ ಮುಚ್ಚಿಡಬಾರದು.

ಆದರೆ ರೈಲು ದಾರಿಯಲ್ಲಿ ಸತ್ತ ಭಾರತೀಯರು ಮುಖ್ಯವಾಗಿ ಸೈನಿಕರಲ್ಲ. ಮಲಯಾದ ರಬ್ಬರ್ ತೋಟದ ಕೂಲಿಗಳು, ಹೆಚ್ಚಾಗಿ ತಮಿಳರು. ಒಳ್ಳೇ ಸಂಬಳ, ಮೂರೇ ತಿಂಗಳು ಅಂತ ನಂಬಿಸಿ ಕರೆದುಕೊಂಡು ಹೋದರು. ಬರ್ಮಾ, ಮಲಯಾ, ಜಾವಾದವರೆಲ್ಲ ಸೇರಿ ಎರಡು ಲಕ್ಷಕ್ಕೂ ಮಿಕ್ಕಿ ಜನ. ಸತ್ತವರು ಸುಮಾರು 90,000 ಎಂದು ಅಂದಾಜು. ಸತ್ತ ಯುದ್ಧ ಕೈದಿಗಳು ಹನ್ನೆರಡು ಸಾವಿರಕ್ಕೂ ಜಾಸ್ತಿ, ಅದರಲ್ಲಿ ಬ್ರಿಟಿಷರು 7,000ದ ಹತ್ತಿರ. ಕೈದಿಗಳಿಗೆ ಡಾಕ್ಟರಿದ್ದರು, ಶಿಸ್ತಿತ್ತು, ನೀರು ಕುದಿಸಿ ಕುಡಿಯಿರಿ ಅಂತ ಹೇಳುವ ಅಧಿಕಾರಿ ಇದ್ದ. ಕೂಲಿಗಳಿಗೆ ಏನೂ ಇರಲಿಲ್ಲ. ಸಮಾಧಿಯ ಮೇಲೆ ಹೆಸರೂ ಇಲ್ಲ.

ನಾನು ಹೋದಾಗ ನಮ್ಮ ಗೈಡ್ ‘ಒಂದೊಂದು ಸ್ಲೀಪರಿಗೆ ಒಬ್ಬ ಬಿಳಿಯ ಸೈನಿಕ ಸತ್ತ’ ಅಂದ. ಸ್ಲೀಪರ್ ಅಂದರೆ ಹಳಿಯ ಕೆಳಗೆ ಅಡ್ಡ ಹಾಕುವ ಮರ. ಕಿಲೋಮೀಟರಿಗೆ ಸಾವಿರಕ್ಕೂ ಜಾಸ್ತಿ ಸ್ಲೀಪರ್ ಬೇಕು. 415 ಕಿಲೋಮೀಟರಿಗೆ ನೀವೇ ಲೆಕ್ಕ ಹಾಕಿ. ಲೆಕ್ಕವೂ ತಪ್ಪು, ಸತ್ತವರ ಬಣ್ಣವೂ ತಪ್ಪು.

ದಾರಿ ಮುಗಿದ ಮೇಲೆ ಬಿಟ್ಟರಾ?

ಎಲ್ಲಿ ಬಿಡುತ್ತಾರೆ? ಕೆಲವರನ್ನು ದುರಸ್ತಿಗೆ, ಸೌದೆ ಕಡಿಯಲು ಉಳಿಸಿಕೊಂಡರು. ಗಟ್ಟಿ ಇದ್ದವರನ್ನು ಹಡಗಿನ ತಳದಲ್ಲಿ ತುಂಬಿ ಜಪಾನಿನ ಗಣಿಗಳಿಗೆ ಕಳಿಸಿದರು. ಒಳಗೆ ಕೈದಿಗಳಿದ್ದಾರೆ ಅಂತ ಹಡಗಿನ ಮೇಲೆ ಯಾವ ಗುರುತೂ ಇಲ್ಲ. 1944ರ ಸೆಪ್ಟೆಂಬರ್ 12ರಂದು ಅಮೆರಿಕದ ಸಬ್‌ಮೆರೀನ್‌ಗಳು ರಾಕುಯೋ ಮಾರು, ಕಾಚಿದೋಕಿ ಮಾರು ಎಂಬ ಎರಡು ಹಡಗು ಮುಳುಗಿಸಿದವು. ಅವುಗಳಲ್ಲಿದ್ದದ್ದು ಎರಡು ಸಾವಿರಕ್ಕೂ ಜಾಸ್ತಿ ಬ್ರಿಟಿಷ್ ಮತ್ತು ಆಸ್ಟ್ರೇಲಿಯನ್ ಕೈದಿಗಳು. ಕಾಡಿನಲ್ಲಿ ಬದುಕಿ ಉಳಿದವರಲ್ಲಿ ಬಹಳಷ್ಟು ಮಂದಿ ಹೀಗೆ ತಮ್ಮ ಕಡೆಯವರ ಟಾರ್ಪಿಡೊಗೇ ಸತ್ತರು.

ಬಿಡುಗಡೆ ಆದಮೇಲೆ ಸುಖವಾಗಿದ್ದರಾ?

1945ರ ಆಗಸ್ಟ್ 15ರ ನಂತರ ವಿಮಾನಗಳು ಶಿಬಿರಗಳ ಮೇಲೆ ಊಟ, ಔಷಧಿ ಸುರಿದವು. ಹಡಗುಗಳು ಕೊಲಂಬೊ, ಸೂಯೆಜ್ ದಾರಿಯಾಗಿ ಹೊರಟು ಅಕ್ಟೋಬರ್‌ನಿಂದ ಇಂಗ್ಲೆಂಡ್ ಮುಟ್ಟಿದವು. ಅಷ್ಟು ಹೊತ್ತಿಗೆ ಯುರೋಪಿನ ವಿಜಯೋತ್ಸವ ಮುಗಿದು ಐದು ತಿಂಗಳು. ಕಂಡದ್ದನ್ನೆಲ್ಲ ಪತ್ರಿಕೆಗಳಿಗೆ ಹೇಳಬೇಡಿ, ಸತ್ತವರ ಮನೆಯವರಿಗೆ ನೋವಾಗುತ್ತದೆ ಅಂತ ಚೀಟಿ ಕೊಟ್ಟರು. ಅವರು ಹೇಳಲೇ ಇಲ್ಲ. ಹೆಂಡತಿಗೂ ಹೇಳದೆ ಸತ್ತವರಿದ್ದಾರೆ.

ಹತ್ತಾರು ವರ್ಷದ ಮೇಲೆ ಲಿವರ್‌ಪೂಲಿನ ಉಷ್ಣವಲಯ ವೈದ್ಯಶಾಲೆಯ ಡಾಕ್ಟರುಗಳು ಪರೀಕ್ಷೆ ಮಾಡಿದಾಗ ಕೆಲವರ ಹೊಟ್ಟೆಯಲ್ಲಿ ಆ ಕಾಡಿನ ಜಂತುಹುಳ ಇನ್ನೂ ಬದುಕಿತ್ತು. ಪರಿಹಾರ ಅಂತ 1950ರ ದಶಕದಲ್ಲಿ ತಲೆಗೆ 76 ಪೌಂಡು ಸಿಕ್ಕಿತು. 2000ದಲ್ಲಿ ಬ್ರಿಟಿಷ್ ಸರ್ಕಾರವೇ 10,000 ಪೌಂಡು ಕೊಟ್ಟಿತು, ಆಗ ಬದುಕಿದ್ದವರಿಗೆ ಮತ್ತು ವಿಧವೆಯರಿಗೆ.

ಬೆಂಗಳೂರಲ್ಲೂ ಯುದ್ಧ ಕೈದಿಗಳಿದ್ದರಂತೆ?

ಅದು ಬೇರೆ ಕತೆ. ಅವರು ಇಟಲಿಯವರು, ಆಫ್ರಿಕಾದಲ್ಲಿ ಬ್ರಿಟಿಷರ ಕೈಗೆ ಸಿಕ್ಕವರು. ಜಾಲಹಳ್ಳಿ ಕಡೆ ಹಳಬರು ಇನ್ನೂ ಮಾತಾಡಿಕೊಳ್ಳುತ್ತಾರೆ. ಅವರಿಗೂ ಸೆರೆ ಸೆರೆಯೇ, ಆದರೆ ಕಾಂಚನಬುರಿಯ ಜೊತೆ ಹೋಲಿಸಬೇಡಿ.

ನೋಡಲು ಹೋಗಬೇಕು ಅಂದರೆ?

ಬ್ಯಾಂಕಾಕಿನ ತೊನ್‌ಬುರಿ ಸ್ಟೇಷನ್ನಿನಿಂದ ನಾಮ್ ತೋಕ್‌ವರೆಗೆ ಈಗಲೂ ರೈಲು ಓಡುತ್ತದೆ. ಹಳೇ ದಾರಿಯಲ್ಲಿ ಉಳಿದಿರುವುದು ಅಲ್ಲಿಯವರೆಗಿನ ಭಾಗ, ಸುಮಾರು 130 ಕಿಲೋಮೀಟರ್. ಥಾಮ್ ಕ್ರಾಸೇ ಹತ್ತಿರ ಬೆಟ್ಟಕ್ಕೆ ಅಂಟಿಕೊಂಡ ಮರದ ಸೇತುವೆ ಮೇಲೆ ಗಾಡಿ ತೆವಳುವಾಗ ಕಿಟಕಿಯಿಂದ ತಲೆ ಹೊರಗೆ ಹಾಕಬೇಡಿ, ಬಂಡೆ ಅಷ್ಟು ಹತ್ತಿರ. ಕಾಂಚನಬುರಿಯ ಸಮಾಧಿಗಳು ಸುಮಾರು 7,000. ನದಿಯಾಚೆ ಚುಂಗ್‌ಕೈನಲ್ಲಿ ಇನ್ನಷ್ಟು, ಅಲ್ಲಿ ಜನ ಕಡಿಮೆ. ಹೆಲ್‌ಫೈರ್ ಪಾಸ್‌ಗೆ ಬೆಳಗ್ಗೆಯೇ ಹೋಗಿ, ಮಧ್ಯಾಹ್ನದ ಬಿಸಿಲಿಗೆ ಆ ಕಣಿವೆಯಲ್ಲಿ ನಡೆಯಲು ಆಗುವುದಿಲ್ಲ.

ಒಬ್ಬ ಕೈದಿಯ ದಾಖಲೆ ಹುಡುಕಬಹುದಾ?

ಹುಡುಕಬಹುದು. ಸೆರೆಯಾದ ಒಬ್ಬೊಬ್ಬನಿಗೂ ಜಪಾನಿನವರು ಒಂದು ಕಾರ್ಡು ಮಾಡಿದ್ದರು. ಅವು ಈಗ ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಹೆಸರು, ಅಪ್ಪನ ಹೆಸರು, ಅಮ್ಮನ ಹೆಸರು, ಊರು, ಕಸುಬು. ಸೆರೆಯಾದ ದಿನ ಜಪಾನಿನ ಪಂಚಾಂಗದಲ್ಲಿ: ಶೋವಾ 17, ಎರಡನೇ ತಿಂಗಳು, 15. ಬಿಡುಗಡೆಯಾದ ಮೇಲೆ ಎಷ್ಟೋ ಜನ ಬರೆದುಕೊಟ್ಟ ಪ್ರಶ್ನಾವಳಿಗಳೂ ಅಲ್ಲೇ ಇವೆ. ಯಾವ ಶಿಬಿರ, ಯಾವಾಗ, ಯಾರು ಹೊಡೆದರು. ಕೆಲವರು ಪುಟ ತುಂಬಾ ಬರೆದಿದ್ದಾರೆ. ಕೆಲವರು ಎಲ್ಲಕ್ಕೂ ‘ಇಲ್ಲ’, ‘ಇಲ್ಲ’ ಅಂತ ಬರೆದು ಸಹಿ ಹಾಕಿ ಹಡಗು ಹತ್ತಿದ್ದಾರೆ. ಕಾರ್ಡಿನ ಮೇಲೆ ಅಡ್ಡಡ್ಡಕ್ಕೆ ಕೆಂಪು ಗೆರೆ ಎಳೆದಿದ್ದರೆ, ಆತ ಹಡಗು ಹತ್ತಲಿಲ್ಲ ಅಂತ ಅರ್ಥ.